ಗೋಡೆಯಾಚೆಯ ಸದ್ದು

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಎಂದೊಡನೆ ಮನಸ್ಸಿಗೆ ಬರುವುದು ಸೂಳೆಕೆರೆ. ಊರಿನ ಹೆಸರಿನಲ್ಲಿಯೇ ಕೆರೆ ಸೇರಿಕೊಂಡಿದೆ. ಆ ವಿಶಾಲ ಜಲರಾಶಿಗೆ ಶಾಂತಿಸಾಗರವೆಂಬ ಇನ್ನೊಂದು ಹೆಸರೂ ಉಂಟು. ಸಂಜೆಯ ಹೊತ್ತು ಏರಿಯ ಮೇಲೆ ನಿಂತು ನೀರನ್ನು ನೋಡಿದವರು ಆ ಹೆಸರು ಸಾರ್ಥಕವೆಂದು ಒಪ್ಪದೆ ಇರಲಾರರು. ಆದರೆ ಕಳೆದ ಅಡಿಕೆ ಸುಗ್ಗಿಯಲ್ಲಿ ನಾನು ಆ ಊರಿನ ಬಂಧುಗಳ ಮನೆಯಲ್ಲಿ ಕೆಲವು ದಿನ ತಂಗಿದ್ದಾಗ, ಶಾಂತಿಸಾಗರದ ಮಗ್ಗುಲಲ್ಲಿ ಮಲಗಿಯೂ ಮೊದಲ ಮೂರು ರಾತ್ರಿ ಶಾಂತಿಯೆಂಬುದು ನನ್ನ ಪಾಲಿಗೆ ದೊರೆಯಲಿಲ್ಲ.

ಹಾಸಿಗೆಗೆ ತಲೆ ಕೊಟ್ಟು ಅರ್ಧ ಗಂಟೆಯಾಗಿರಬಹುದು. ಗೋಡೆ ಗುಂಯ್‌ಗುಟ್ಟತೊಡಗಿತು. ಅದು ಕಿವಿಗೆ ಕೇಳುವ ಸದ್ದೋ, ಎಲುಬಿಗೆ ತಟ್ಟುವ ನಡುಕವೋ ಹೇಳುವುದು ಕಷ್ಟ. ಗೂಡಿನಲ್ಲಿ ಒರಗಿಸಿಟ್ಟಿದ್ದ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಝಣಝಣಿಸಿದವು. ಗೋಡೆಯ ಪಕ್ಕದಲ್ಲಿ ಮಲಗಿದ್ದ ಎಂಬತ್ತರ ಹರೆಯದ ನನ್ನ ದೊಡ್ಡಮ್ಮ, “ಶುರುವಾಯ್ತು ನೋಡು, ಗೋಡೆಯೊಳಗೆ ಗಾಡಿ ಹೊರಟಿತು” ಎಂದು ಮಗ್ಗುಲಾದರು. ಒಳಕೋಣೆಯಲ್ಲಿ ಎಸ್.ಎಸ್.ಎಲ್.ಸಿ. ಓದುತ್ತಿದ್ದ ಹುಡುಗಿ ಎರಡು ಕಿವಿಗಳಿಗೂ ಹತ್ತಿ ತುರುಕಿಕೊಂಡು ಪುಸ್ತಕಕ್ಕೆ ಬಾಗಿದಳು.

ಗೋಡೆಯಾಚೆಯ ಮನೆ ಬೇರೆ ಯಾರದೂ ಅಲ್ಲ. ದೊಡ್ಡಮ್ಮನ ಕಿರಿಯ ಮಗನದು.

ಪಾಲಾದ ಮನೆ

ಒಂದು ಕಾಲಕ್ಕೆ ಅದು ಒಂದೇ ಮನೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ಹೆಂಚಿನ ಮಾಡು, ನಡುವೆ ಉದ್ದನೆಯ ಪಡಸಾಲೆ. ಹನ್ನೆರಡು ವರ್ಷಗಳ ಹಿಂದೆ ಅಣ್ಣತಮ್ಮಂದಿರು ಪಾಲಾದರು. ಜಗಳವೇನೂ ಇರಲಿಲ್ಲ, ಸಂಸಾರಗಳು ಬೆಳೆದವು, ಅಷ್ಟೆ. ಪಡಸಾಲೆಯ ನಟ್ಟನಡುವೆ ನಾಲ್ಕೂವರೆ ಅಂಗುಲದ ಒಂದು ಇಟ್ಟಿಗೆ ಗೋಡೆ ಎದ್ದಿತು. ಖರ್ಚು ಕಡಿಮೆಯಾಗಲೆಂದು ಅದನ್ನು ತೊಲೆಯ ಮಟ್ಟಕ್ಕೆ ನಿಲ್ಲಿಸಿದರು. ಅದರ ಮೇಲೆ ಹೆಂಚಿನವರೆಗೆ ಅಟ್ಟದ ಜಾಗ ಮೊದಲಿನಂತೆಯೇ ಬಯಲಾಗಿ ಉಳಿಯಿತು.

ಹಲವು ವರ್ಷ ಇದರಿಂದ ತೊಂದರೆಯಾಗಲಿಲ್ಲ. ಆಚೆ ರೊಟ್ಟಿ ಬಡಿಯುವ ಸದ್ದು ಈಚೆ ಕೇಳಿದರೆ, ಊಟದ ಹೊತ್ತಾಯಿತೆಂದು ಇವರೂ ಒಲೆಯ ಮುಂದೆ ಕೂರುತ್ತಿದ್ದರು. ತೊಂದರೆ ಹುಟ್ಟಿದ್ದು ತಮ್ಮನು ಸಾಲ ಮಾಡಿ ಅಡಿಕೆ ಸುಲಿಯುವ ಯಂತ್ರ ತಂದ ಮೇಲೆ. ಹಿಂದೆ ಮನೆಯಂಗಳದಲ್ಲಿ ಹತ್ತಾರು ಜನ ಕುಳಿತು, ಮಾತಾಡುತ್ತ ಹಾಡುತ್ತ, ಕತ್ತಿಯಿಂದ ಸುಲಿಯುತ್ತಿದ್ದ ಕಾಯಿಯನ್ನು ಈಗ ಮೋಟಾರು ಸುಲಿಯುತ್ತದೆ. ಕಳ್ಳರ ಭಯದಿಂದ ಯಂತ್ರವನ್ನು ಪಡಸಾಲೆಯೊಳಗೇ ಇಟ್ಟರು. ಅಲುಗಾಡದಿರಲೆಂದು ಅದರ ಚೌಕಟ್ಟಿನಿಂದ ಒಂದು ಕಬ್ಬಿಣದ ಪಟ್ಟಿಯನ್ನು ನಡುಗೋಡೆಗೆ ಬಿಗಿದರು. ಅಂದಿನಿಂದ ಎರಡು ಮನೆಗಳ ಹೆಂಗಸರು ಮಾತು ಬಿಟ್ಟಿದ್ದರು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು. ಮಾರನೆಯ ಬೆಳಿಗ್ಗೆ ಆಚೆ ಮನೆಗೆ ಹೋಗಿ ಮಾತು ತೆಗೆದೆ. ತಮ್ಮನು ಬೇಸರದಿಂದಲೇ ಹೇಳಿದ: “ಅಣ್ಣಾ, ಹಸಿ ಕಾಯಿ ಮನೆಗೆ ಬಂದ ಮೇಲೆ ಸುಲಿದು ಬೇಯಿಸಲೇಬೇಕು. ಅವ್ವನಿಗೆ ನಿದ್ದೆ ಬರಲಿ ಅಂತ ನಾನು ಕೂತರೆ ಕಾಯಿ ಕೂತಿರ್ತದೇನು? ಸಾಲದ ಕಂತು ಕೂತಿರ್ತದೇನು?”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಈಚೆಯವರ ಸಂಕಟದಲ್ಲಿಯೂ ಸುಳ್ಳಿರಲಿಲ್ಲ. ನೆರೆಹೊರೆಯ ಶಬ್ದದ ಜಗಳಗಳೆಲ್ಲ ಹೆಚ್ಚಾಗಿ ಇಂಥವೇ.

ಸದ್ದು ಬರುವ ಎರಡು ದಾರಿ

ನೆರೆಮನೆಯ ಸದ್ದು ನಮ್ಮ ಮನೆಗೆ ಎರಡು ದಾರಿಗಳಿಂದ ಬರುತ್ತದೆ. ಮಾತು, ಹಾಡು, ರೇಡಿಯೋ, ಟಿ.ವಿ. ಇವು ಮೊದಲು ಗಾಳಿಯನ್ನು ಅಲುಗಿಸುತ್ತವೆ. ಗಾಳಿ ಗೋಡೆಯನ್ನು ಅಲುಗಿಸುತ್ತದೆ. ಗೋಡೆ ನಮ್ಮ ಕೋಣೆಯ ಗಾಳಿಯನ್ನು ಅಲುಗಿಸುತ್ತದೆ. ಇದು ಗಾಳಿಯ ದಾರಿ. ಒರಳು, ಗ್ರೈಂಡರ್, ನೀರೆತ್ತುವ ಮೋಟಾರು, ಬಟ್ಟೆ ಒಗೆಯುವ ಯಂತ್ರ, ಧಡಾರೆಂದು ಮುಚ್ಚುವ ಬಾಗಿಲು, ಇವು ಗಾಳಿಯ ಹಂಗಿಗೆ ಕಾಯದೆ ನೆಲವನ್ನೋ ಗೋಡೆಯನ್ನೋ ನೇರವಾಗಿ ಬಡಿಯುತ್ತವೆ. ಇದು ಕಟ್ಟಡದ ದಾರಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ಇಟ್ಟಿಗೆಯಲ್ಲಿ ಅದರ ಹತ್ತು ಪಟ್ಟು ವೇಗದಿಂದ ಸಾಗಬಲ್ಲದು. ದಾರಿಯಲ್ಲಿ ಸವೆಯುವುದೂ ಕಡಿಮೆ. ಆದ್ದರಿಂದಲೇ ವಠಾರದ ಒಂದು ತುದಿಯಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆದರೆ ಇನ್ನೊಂದು ತುದಿಯವರು ತಮ್ಮ ಮನೆಯ ಕದವನ್ನೇ ಯಾರೋ ತಟ್ಟಿದರೆಂದು ಎದ್ದು ಹೋಗುತ್ತಾರೆ.

ಈ ಎರಡು ದಾರಿಗಳ ಮದ್ದುಗಳು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಹಣ ಹೋಗುತ್ತದೆ, ಸದ್ದು ಹೋಗುವುದಿಲ್ಲ.

ಗಾಳಿಯ ದಾರಿಗೆ ಮದ್ದು ತೂಕ. ಗೋಡೆ ಎಷ್ಟು ಭಾರವೋ ಅದನ್ನು ಅಲುಗಿಸುವುದು ಅಷ್ಟು ಕಷ್ಟ. ಶಬ್ದವನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎಂದು ಹೆಸರು. ಪಿಸುಮಾತು ಸುಮಾರು 30 ಡೆಸಿಬೆಲ್, ಸಾಧಾರಣ ಸಂಭಾಷಣೆ 60, ಅಡಿಗೆಮನೆಯ ಮಿಕ್ಸಿ 85ರ ಆಸುಪಾಸು. ಇದು ಅಂಗಡಿಯ ತಕ್ಕಡಿಯ ಲೆಕ್ಕವಲ್ಲ. 10 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಅದು ಸುಮಾರು ಇಮ್ಮಡಿಯಾಗಿ ತೋರುತ್ತದೆ. ಎರಡು ಕಡೆ ಗಾರೆ ಮಾಡಿದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್ ಶಬ್ದವನ್ನು ತಡೆಯುತ್ತದೆ. ನಾಲ್ಕೂವರೆ ಅಂಗುಲದ್ದು ಸುಮಾರು 45. ತೂಕ ಇಮ್ಮಡಿಯಾದಾಗಲೆಲ್ಲ ಐದಾರು ಡೆಸಿಬೆಲ್ ಲಾಭ. ನಮ್ಮ ಹಿರಿಯರ ಎರಡಡಿಯ ಮಣ್ಣಿನ ಗೋಡೆ ಈ ಪಾಲಿನ ಗೋಡೆಗಿಂತ ನಾಲ್ಕೈದು ಪಟ್ಟು ಭಾರ. ಹಳೆಯ ಮನೆಗಳ ತಂಪನ್ನು ಎಲ್ಲರೂ ಹೊಗಳುತ್ತಾರೆ. ಅವುಗಳ ಮೌನಕ್ಕೂ ಆ ದಪ್ಪವೇ ಕಾರಣವೆಂಬುದು ಹಲವರ ಗಮನಕ್ಕೆ ಬಂದಿಲ್ಲ.

ಆದರೆ ಭಾರವಾದ ಗೋಡೆಗೂ ಒಂದು ಶತ್ರು ಉಂಟು: ಸಂದು. ಗೋಡೆಯ ನೂರರಲ್ಲಿ ಒಂದು ಪಾಲಿನಷ್ಟು ಜಾಗ ತೆರೆದಿದ್ದರೂ ಸಾಕು, ಉಳಿದ ತೊಂಬತ್ತೊಂಬತ್ತು ಪಾಲನ್ನು ಬಂಡೆಯಿಂದ ಕಟ್ಟಿದರೂ ಒಟ್ಟು ತಡೆ 20 ಡೆಸಿಬೆಲನ್ನು ಮೀರಲಾರದು. ಹಾಗಿರುವಾಗ ಅಟ್ಟದ ಮೇಲೆ ಹೆಂಚಿನವರೆಗೆ ಬಯಲು ಬಿಟ್ಟ ಗೋಡೆಯ ಗತಿಯೇನು? ಗೋಡೆ ಕಟ್ಟಿದ್ದು ದೃಷ್ಟಿಗಾಯಿತೇ ಹೊರತು ಕಿವಿಗಾಗಲಿಲ್ಲ. ಹೆಂಚಿನ ಸಾಲುಮನೆಗಳಲ್ಲಿ ವಾಸಿಸುವ ವಾಚಕರು ಒಮ್ಮೆ ಅಟ್ಟ ಹತ್ತಿ ನೋಡುವುದು ಒಳ್ಳೆಯದು.

ಒಂದು ಬಟ್ಟಲು ನೀರು

ಸದ್ದು ಯಾವ ದಾರಿಯಿಂದ ಬರುತ್ತಿದೆಯೆಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಆ ದಿನ ನಾನು ಹುಡುಗಿಯನ್ನು ಕರೆದು ಒಂದು ಅಗಲವಾದ ಬಟ್ಟಲಿನ ತುಂಬ ನೀರು ತರಿಸಿದೆ. ಅದನ್ನು ಗೋಡೆಯ ಬುಡದಲ್ಲಿಟ್ಟು ಆಚೆಯವರಿಗೆ ಯಂತ್ರ ನಡೆಸಲು ಹೇಳಿದೆ. ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳಂತೆ ಅಲೆಗಳೆದ್ದವು. ಯಂತ್ರ ನಿಲ್ಲಿಸಿದೊಡನೆ ನೀರು ಕನ್ನಡಿಯಾಯಿತು. ಅಂಗೈಯನ್ನು ಗೋಡೆಗೆ ಒತ್ತಿದರೆ ನಡುಕ ಸ್ಪಷ್ಟ. ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿದರೂ ಗುಂಯ್‌ಕಾರ ತಗ್ಗಲಿಲ್ಲ. ಕಿವಿಗೆ ಹತ್ತಿಯಿಟ್ಟರೂ ದಿಂಬಿನ ಮೂಲಕ ತಲೆಗೆ ಏರುತ್ತಿತ್ತು. ಕಾಯಿ ಬೀಳುವ ಚಟಪಟ ಸದ್ದು ಮಾತ್ರ ಅಟ್ಟದ ಕಡೆಯಿಂದ ಬರುತ್ತಿತ್ತು. ಎಂದರೆ ಇಲ್ಲಿ ಎರಡು ದಾರಿಗಳೂ ತೆರೆದಿದ್ದವು. ದೊಡ್ಡಮ್ಮನ ನಿದ್ದೆ ಕೆಡಿಸುತ್ತಿದ್ದದ್ದು ಗೋಡೆಗೆ ಬಿಗಿದ ಆ ಕಬ್ಬಿಣದ ಪಟ್ಟಿ.

“ಗೋಡೆಗೆ ಸ್ಪಂಜು ಅಂಟಿಸಿದರೆ ಹೇಗೆ? ಮೊಟ್ಟೆಯ ತಟ್ಟೆ ಅಂಟಿಸಿದರೆ ಸದ್ದು ಬರುವುದಿಲ್ಲವಂತೆ” ಎಂದು ಹುಡುಗಿ ಕೇಳಿದಳು. ಇದು ಬಹಳ ಜನರ ನಂಬಿಕೆ. ಸ್ಪಂಜು, ದಪ್ಪ ಪರದೆ, ಜಮಖಾನ ಇವು ಕೋಣೆಯೊಳಗೆ ಹುಟ್ಟಿದ ಸದ್ದು ಮರುದನಿಗೊಡುವುದನ್ನು ತಗ್ಗಿಸುತ್ತವೆ. ಆಚೆಯಿಂದ ಬರುವುದನ್ನು ಅವು ತಡೆಯಲಾರವು. ಅವಕ್ಕೆ ತೂಕವೇ ಇಲ್ಲ. ನಿಜವಾಗಿ ತಡೆಯಬೇಕಾದರೆ ಎರಡು ಅಂಗುಲ ಬಿಟ್ಟು ಹಳೆಯದಕ್ಕೆ ಎಲ್ಲಿಯೂ ತಾಗದಂತೆ ಇನ್ನೊಂದು ಗೋಡೆ ಕಟ್ಟಬೇಕು. ನಡುವೆ ಒಂದು ತುಂಡು ಗಾರೆ ಬಿದ್ದು ಸೇತುವೆಯಾದರೂ ಶ್ರಮ ಬಹುಮಟ್ಟಿಗೆ ವ್ಯರ್ಥ.

ದೊಡ್ಡವರ ಪಾಡೂ ಇದೇ

ಇಂಥ ಸಂಕಟ ನಮ್ಮ ಹಳ್ಳಿಯವರಿಗೆ ಮಾತ್ರ ಬಂದುದಲ್ಲ. ಲಂಡನ್ನಿನ ಚೆಲ್ಸಿಯಲ್ಲಿ ಸಾಲುಮನೆಯೊಂದರಲ್ಲಿ 1834ರಿಂದ ಬಾಳಿದ ಪ್ರಸಿದ್ಧ ಲೇಖಕ ಥಾಮಸ್ ಕಾರ್ಲೈಲ್, ನೆರೆಮನೆಯ ಹುಂಜ ಮತ್ತು ಪಿಯಾನೋಗಳ ಕಾಟ ತಾಳಲಾರದೆ 1853ರಲ್ಲಿ ಮಾಳಿಗೆಯ ಮೇಲೆ ಒಂದು ನಿಶ್ಶಬ್ದ ಕೊಠಡಿ ಕಟ್ಟಿಸತೊಡಗಿದ. ಗೋಡೆಗಳು ಇಮ್ಮಡಿ, ಬೆಳಕು ಮೇಲಿನಿಂದ. ನೀರಿನಂತೆ ಹಣ ಹೋಯಿತು. ಕೊಠಡಿ ಮುಗಿದ ಮೇಲೆ ನೋಡಿದರೆ ಹತ್ತಿರದ ಸದ್ದುಗಳು ತಗ್ಗಿ ದೂರದ ಸದ್ದುಗಳು ಕಿವಿಗೆ ಬೀಳತೊಡಗಿದ್ದವು! ಪಾಪ, ಆತ ಪ್ರಷ್ಯದ ಅರಸನ ದೊಡ್ಡ ಚರಿತ್ರೆಯನ್ನು ಅಲ್ಲಿಯೇ ಕುಳಿತು ಬರೆದ.

ನಡುಗೋಡೆಯ ಬಗ್ಗೆ ಆಳರಸರು ಯೋಚಿಸಿದ್ದುಂಟು. ಆದರೆ ಬಹುಕಾಲ ಅದು ಬೇರೆ ಕಾರಣಕ್ಕಾಗಿ. 1666ರಲ್ಲಿ ಲಂಡನ್ ನಗರ ಸುಟ್ಟುಹೋದ ಮೇಲೆ ಮರುವರ್ಷದ ಶಾಸನ ಮನೆಗಳನ್ನು ಇಟ್ಟಿಗೆ ಕಲ್ಲುಗಳಿಂದಲೇ ಕಟ್ಟಬೇಕೆಂದು ವಿಧಿಸಿತು. ಭಯ ಬೆಂಕಿಯದು. ನಮ್ಮ ಬೆಂಗಳೂರಿನಲ್ಲಿ 1898ರ ಪ್ಲೇಗು ಇಕ್ಕಟ್ಟಾದ ಪೇಟೆಯ ಮನೆಗಳಿಂದ ಜನರನ್ನು ಬಸವನಗುಡಿ, ಮಲ್ಲೇಶ್ವರಗಳ ಬಯಲಿಗೆ ಕರೆದೊಯ್ದಿತು. ಭಯ ರೋಗದ್ದು. ಸದ್ದಿನ ಲೆಕ್ಕ ಬಂದದ್ದು ತಡವಾಗಿ. ಕಾರ್ಖಾನೆಗಳಲ್ಲದ ಕಟ್ಟಡಗಳಲ್ಲಿ ಶಬ್ದವನ್ನು ತಡೆಯುವ ಬಗೆಯನ್ನು ಕುರಿತು ಭಾರತೀಯ ಮಾನಕ ಸಂಸ್ಥೆ 1962ರಲ್ಲಿ ಒಂದು ಸಂಹಿತೆಯನ್ನೇ ಹೊರತಂದಿತು. ಆದರೆ ಅಣ್ಣತಮ್ಮಂದಿರು ಪಾಲಾಗುವ ದಿನ ಮೇಸ್ತ್ರಿಯನ್ನು ಕರೆಯುತ್ತಾರೆಯೇ ಹೊರತು ಸಂಹಿತೆಯನ್ನು ತೆರೆಯುವವರು ಯಾರು?

ಕಾನೂನಿನ ಮಾತೂ ಉಂಟು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಗಳಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದರೆ ಯಾರಾದರೂ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಮಲಗುವ ಕೋಣೆಯೊಳಗೆ 30 ಡೆಸಿಬೆಲ್ ಮೀರದಿದ್ದರೆ ನಿದ್ದೆಗೆ ಕ್ಷೇಮವೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿತು. ನಿದ್ದೆಗೆಡಿಸುವ ಸದ್ದು ವರ್ಷಗಟ್ಟಲೆ ಮುಂದುವರಿದರೆ ರಕ್ತದೊತ್ತಡ, ಹೃದಯಗಳಿಗೂ ಕೇಡೆಂಬುದನ್ನು ವೈದ್ಯರು ಒಪ್ಪುತ್ತಾರೆ. ಆದರೆ ಹೆತ್ತ ತಾಯಿ ಮಗನ ಮೇಲೆ ದೂರು ಬರೆಯಿಸುವುದುಂಟೆ? “ಪೊಲೀಸರು ಬಂದು ನಿಲ್ಲಿಸಿದ ಮೇಲೆ ಬರುವ ನಿದ್ದೆ ನನಗೆ ಬೇಡಪ್ಪ” ಎಂದರು ದೊಡ್ಡಮ್ಮ.

ಟೈರಿನ ಪಾಠ

ಕೆಲಸ ಮೂಲದಿಂದಲೇ ಆರಂಭವಾಗಬೇಕೆಂದು ತಮ್ಮನೊಡನೆ ಮಾತಾಡಿದೆ. ಮೊದಲು ಗೋಡೆಗೆ ಬಿಗಿದ ಪಟ್ಟಿಯನ್ನು ಬಿಚ್ಚಿಸಿ ಯಂತ್ರವನ್ನು ಎರಡಡಿ ಈಚೆಗೆ ಎಳೆಸಿದೆವು. ಸಡಿಲವಾಗಿದ್ದ ಬೋಲ್ಟುಗಳನ್ನು ಬಿಗಿದೆವು. ಗೋಡೆಯ ನಡುಕ ಅರ್ಧ ತಗ್ಗಿತು. ಉಳಿದದ್ದು ನೆಲದ ಮೂಲಕ ಬರುತ್ತಿತ್ತು. ಉತ್ಸಾಹದಿಂದ ತಮ್ಮನು ಲಾರಿಯ ಹಳೆಯ ಟೈರನ್ನು ಕತ್ತರಿಸಿ ಕಾಲುಗಳ ಕೆಳಗೆ ಇಟ್ಟ. ಯಂತ್ರ ನಡೆಯಿತು. ಬಟ್ಟಲಿನ ನೀರು ಮೊದಲಿನಂತೆಯೇ ನಡುಗಿತು! ಅವನ ಹೆಂಡತಿ ಬಾಗಿಲಲ್ಲಿ ನಿಂತು, “ಮೇಷ್ಟ್ರ ವಿದ್ಯೆ ಇಷ್ಟೇ ಏನು?” ಎಂಬಂತೆ ನೋಡಿದಳು.

ತಪ್ಪು ಟೈರಿನದಲ್ಲ, ನನ್ನದು. ರಬ್ಬರೆಂದ ಮಾತ್ರಕ್ಕೆ ಅದು ನಡುಕವನ್ನು ನುಂಗುವುದಿಲ್ಲ. ಯಂತ್ರದ ಭಾರಕ್ಕೆ ಅದು ಸ್ವಲ್ಪ ಕುಗ್ಗಬೇಕು. ಮಂಚದ ಮೇಲೆ ಹತ್ತಿಯ ಹಾಸಿಗೆ ಹಾಕುವುದಕ್ಕೂ ಹಲಗೆ ಹಾಕುವುದಕ್ಕೂ ಇರುವ ವ್ಯತ್ಯಾಸವೇ ಇದು. ನಿಮಿಷಕ್ಕೆ 1,440 ಸುತ್ತು ತಿರುಗುವ ಮೋಟಾರು ಸೆಕೆಂಡಿಗೆ 24 ಸಲ ನಡುಗುತ್ತದೆ. ಮೆತ್ತೆ ಒಂದು ಮಿಲಿಮೀಟರ್ ಮಾತ್ರ ಕುಗ್ಗಿದರೆ ಯಂತ್ರವೂ ಮೆತ್ತೆಯೂ ಸೇರಿದ ಜೋಡಿಯ ಸಹಜ ಕಂಪನ ಸೆಕೆಂಡಿಗೆ ಸುಮಾರು 16. ಇದರಿಂದ ಪ್ರಯೋಜನ ಅತ್ಯಲ್ಪ. ಇನ್ನೂ ಗಟ್ಟಿಯಾಗಿ, ಅದು 24ರ ಸಮೀಪಕ್ಕೆ ಬಂದರೆ, ಜೋಕಾಲಿಯನ್ನು ತಾಳಕ್ಕೆ ಸರಿಯಾಗಿ ತಳ್ಳಿದಂತೆ ನಡುಕ ಹೆಚ್ಚಿಯೇ ಬಿಡುತ್ತದೆ. ನಾಲ್ಕು ಮಿಲಿಮೀಟರ್ ಕುಗ್ಗುವ ಮೆತ್ತೆಯಾದರೆ ಸಹಜ ಕಂಪನ 8ಕ್ಕೆ ಇಳಿದು, ಲೆಕ್ಕದ ಪ್ರಕಾರ ನೆಲಕ್ಕೆ ಮುಟ್ಟುವುದು ಎಂಟರಲ್ಲಿ ಒಂದು ಪಾಲು ಮಾತ್ರ. ವಾಸ್ತವದಲ್ಲಿ ಅಷ್ಟು ಸಿಕ್ಕದಿದ್ದರೂ ದೊಡ್ಡ ಲಾಭವೇ.

ಮಾರನೆಯ ದಿನ ದಾವಣಗೆರೆಯಿಂದ ಮೆತ್ತನೆಯ ರಬ್ಬರಿನ ದಪ್ಪ ಮೆತ್ತೆಗಳು ಬಂದವು. ಅವುಗಳ ಮೇಲೆ ಯಂತ್ರ ನಿಂತಾಗ ಕುಗ್ಗಿದ್ದು ಕಣ್ಣಿಗೇ ಕಾಣುತ್ತಿತ್ತು. ಮೋಟಾರು ಹಾಕಿದರು. ಹುಡುಗಿ ಬಟ್ಟಲಿನ ಮೇಲೆ ಬಾಗಿ, “ಅಜ್ಜಿ, ನೀರು ನಿಂತಿದೆ!” ಎಂದು ಕೂಗಿದಳು. ಅಂಚಿನಲ್ಲಿ ಒಂದು ಸಣ್ಣ ನವಿರು ಮಾತ್ರ ಉಳಿದಿತ್ತು.

ಈಚೆಯ ಪಾಪ

ಇಷ್ಟಾದ ಮೇಲೆ ಆಚೆಮನೆಯ ಸೊಸೆ ಬಾಯಿ ಬಿಟ್ಟಳು. “ನಮ್ಮ ಸದ್ದಿನ ಪಂಚಾಯಿತಿ ಆಯ್ತು. ಬೆಳಗಿನ ಜಾವ ಐದಕ್ಕೆ ನಮ್ಮ ತೊಟ್ಟಿಲು ನಡುಗ್ತದಲ್ಲ, ಅದಕ್ಕೇನು ಮಾಡ್ತೀರಿ?”

ಈಚೆಯವರಿಗೆ ಇದು ಹೊಸ ಸುದ್ದಿ. ಹೋಗಿ ನೋಡಿದರೆ, ಈಚೆಯ ಅಡಿಗೆಕಟ್ಟೆಯ ಕಡಪಾ ಕಲ್ಲನ್ನು ಮೇಸ್ತ್ರಿ ನೇರವಾಗಿ ನಡುಗೋಡೆಯೊಳಗೆ ತೂರಿಸಿದ್ದ. ಅದರ ಮೇಲೆ ಗ್ರೈಂಡರ್. ಇಡ್ಲಿ ಹಿಟ್ಟು ತಿರುಗತೊಡಗಿದರೆ ಕಲ್ಲು ಗೋಡೆಗೆ ಹೇಳುತ್ತಿತ್ತು. ಗೋಡೆ ಆಚೆಯ ಕೂಸಿಗೆ ಹೇಳುತ್ತಿತ್ತು. ಮೂರು ವರ್ಷದಿಂದ ಆಕೆ ಇದನ್ನು ನುಂಗಿಕೊಂಡಿದ್ದಳು. ದೊಡ್ಡ ಸೊಸೆಯ ಮುಖ ಸಣ್ಣದಾಯಿತು. ಗ್ರೈಂಡರನ್ನು ಅಂದೇ ಕಟ್ಟೆಯಿಂದ ಇಳಿಸಿ, ಎದುರುಗೋಡೆಯ ಬಳಿ, ನೆಲದ ಮೇಲೆ ಮೆತ್ತೆ ಹಾಕಿ ಇಟ್ಟರು. ನಮ್ಮ ಮನೆಯ ಸದ್ದು ನಮಗೆ ಕೇಳಿಸದು. ಕೇಳಿಸಿದರೂ ಅದು ಸದ್ದೆನಿಸದು. ಈ ಲೇಖನವನ್ನು ಓದುವ ಗೃಹಿಣಿಯರು ತಮ್ಮ ಗ್ರೈಂಡರ್ ಯಾವ ಗೋಡೆಗೆ ಒರಗಿದೆಯೆಂದು ಒಮ್ಮೆ ನೋಡಿಕೊಂಡರೆ ನನ್ನ ಶ್ರಮ ಸಾರ್ಥಕ.

ರಾತ್ರಿ ಹತ್ತಕ್ಕೆ ಯಂತ್ರ ನಿಲ್ಲಿಸುವುದೆಂದು, ಬೆಳಗಿನ ಆರಕ್ಕೆ ಮುಂಚೆ ಗ್ರೈಂಡರ್ ಹಾಕುವುದಿಲ್ಲವೆಂದು ಎರಡು ಮನೆಯವರೂ ಒಪ್ಪಿದರು. ಕೊಯ್ಲು ಹೆಚ್ಚಾದ ದಿನ ಒಂದು ಗಂಟೆ ಹೆಚ್ಚಾದೀತು. ಆದರೆ ಮೊದಲೇ ಬಂದು ಹೇಳಬೇಕು. ಹೇಳಿ ಮಾಡಿದ ಸದ್ದು ಹೇಳದೆ ಮಾಡಿದ್ದಕ್ಕಿಂತ ಕಡಿಮೆ ಕೇಳುತ್ತದೆಂಬುದು ಯಾವ ಡೆಸಿಬೆಲ್ ಮಾಪಕದಲ್ಲಿಯೂ ಕಾಣದ ಸತ್ಯ.

ಒಂದು ಗೋಡೆ ಸಾಕು

ಉಳಿದದ್ದು ಗಾಳಿಯ ದಾರಿ. ಅಟ್ಟದ ಬಯಲನ್ನು ಹೆಂಚಿನವರೆಗೆ ಇಟ್ಟಿಗೆಯಿಂದ ಮುಚ್ಚಿಸಿ ಎರಡೂ ಕಡೆ ಗಾರೆ ಮಾಡಿಸಬೇಕು. ಸಾಧ್ಯವಾದರೆ ಈಚೆಯಿಂದ, ತಾಗದಂತೆ, ಇನ್ನೊಂದು ಗೋಡೆಯನ್ನೂ ಎಬ್ಬಿಸಿದರೆ ಪೂರ್ಣ ನೆಮ್ಮದಿ ಎಂದು ನಾನು ಸಲಹೆ ಕೊಟ್ಟೆ. ಅಟ್ಟ ಮುಚ್ಚಲು ದೊಡ್ಡ ಸೊಸೆ ಒಪ್ಪಿದಳು. ಎರಡನೆಯ ಗೋಡೆಗೆ ತಲೆಯಲ್ಲಾಡಿಸಿದಳು.

“ಬೇಡ ಭಾವ. ಒಂದು ಗೋಡೆ ಸಾಕು.”

ಏಕೆಂದು ಕೇಳಿದೆ. ಆಕೆ ಹೇಳಿದ ಸಂಗತಿ ನನಗೆ ತಿಳಿದಿರಲಿಲ್ಲ. ಪಾಲಾದ ಮೊದಲ ವರ್ಷ, ಗಂಡ ಊರಲ್ಲಿಲ್ಲದ ಒಂದು ರಾತ್ರಿ, ಎರಡು ಗಂಟೆಯ ಹೊತ್ತಿಗೆ ದೊಡ್ಡಮ್ಮನಿಗೆ ಉಸಿರು ಕಟ್ಟಿತಂತೆ. ತೋಳಲ್ಲಿ ಎಳೆಗೂಸು, ಹೊರಗೆ ಸುರಿಯುವ ಮಳೆ, ಕೂಗಿದರೆ ಕೇಳುವವರಿಲ್ಲ. ಆಕೆ ಕುಟ್ಟಾಣಿಯ ಗುಂಡನ್ನು ಎತ್ತಿ ನಡುಗೋಡೆಗೆ ಬಡಿದಳು. ಮೂರನೆಯ ಪೆಟ್ಟಿಗೆ ಆಚೆಯಿಂದ ಮರುಪೆಟ್ಟು ಕೇಳಿತು. ಮೈದುನ ಬರಿಗಾಲಲ್ಲಿ ಓಡಿಬಂದು, ಗಾಡಿ ಮಾಡಿಕೊಂಡು, ತಾಯಿಯನ್ನು ಆಸ್ಪತ್ರೆಗೆ ಮುಟ್ಟಿಸಿದ. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತೆಂದು ವೈದ್ಯರು ಹೇಳಿದರಂತೆ.

“ಬಡಿದರೆ ಕೇಳಬೇಕಲ್ಲ, ಭಾವ” ಎಂದಳು.

ಆಚೆಮನೆಯ ಸೊಸೆ ಕೂಸನ್ನು ಎತ್ತಿಕೊಂಡು ಅಲ್ಲಿಯೇ ನಿಂತಿದ್ದಳು. “ಅಕ್ಕಾ, ಆ ರಾತ್ರಿ ಮೊದಲು ಎಚ್ಚರವಾದದ್ದು ನನಗೆ” ಎಂದಳು. ಎಷ್ಟೋ ತಿಂಗಳ ಮೇಲೆ ಆ ಇಬ್ಬರ ನಡುವೆ ನೇರವಾಗಿ ಆಡಿದ ಮೊದಲ ಮಾತು ಅದು.

ಅಂದು ರಾತ್ರಿ ಯಂತ್ರ ಒಂಬತ್ತೂ ಮುಕ್ಕಾಲಿಗೇ ನಿಂತಿತು. ಸದ್ದು ಪೂರ್ಣವಾಗಿ ಹೋಗಿತ್ತೆಂದು ನಾನು ಹೇಳಲಾರೆ. ಆಚೆಯ ಕೂಸಿನ ಅಳು, ಬಾಗಿಲ ಅಗಳಿ, ಯಾರೋ ಕೆಮ್ಮಿದ್ದು ಎಲ್ಲ ಕೇಳುತ್ತಿತ್ತು. ಗೂಡಿನ ತಟ್ಟೆಗಳು ಮಾತ್ರ ಸುಮ್ಮನಿದ್ದವು. ದೊಡ್ಡಮ್ಮ ಆಚೆಯ ಕೆಮ್ಮನ್ನು ಆಲಿಸಿ, “ಅವನಿಗೆ ಶೀತವಾಗಿದೆ, ನಾಳೆ ಕಷಾಯ ಕಳಿಸಬೇಕು” ಎಂದು ಗೊಣಗಿ, ಗೋಡೆಯ ಕಡೆಗೆ ಮುಖ ಮಾಡಿಕೊಂಡು ನಿದ್ದೆ ಹೋದರು.